ಹಳೆಯ ಡೀಸೆಲ್: ತಿಂಗಳು ಎಣಿಸುವ ಮೊದಲು ಟ್ಯಾಂಕಿನ ತಳ ನೋಡಬೇಕು

ಮಾನ್ಯ ಸಂಪಾದಕರೇ,

ಯಾಂತ್ರೀಕೃತ ದೋಣಿಗಳಿಗೆ ಮಳೆಗಾಲದಲ್ಲಿ ವಿಧಿಸುವ 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಕೊನೆಗೊಳ್ಳಲಿದೆ. ಕಾರವಾರದ ಬೈತಖೋಲದಿಂದ ಮಂಗಳೂರಿನ ದಕ್ಕೆಯವರೆಗೆ ಎಲ್ಲ ಬಂದರುಗಳಲ್ಲಿಯೂ ಬಲೆ ಹೆಣೆಯುವ, ಬಣ್ಣ ಬಳಿಯುವ, ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಭರದಿಂದ ನಡೆದಿದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅಂದರೆ ನಾಲ್ಕು ತಿಂಗಳು, ಕಟ್ಟಿದಲ್ಲೇ ನಿಂತಿರುತ್ತವೆ. ಗೋವಾದ ಮಾಂಡೋವಿ ನದಿಯಲ್ಲಿ, ಕೊಚ್ಚಿಯ ಬೋಳ್ಗಾಟಿಯ ಮರೀನಾದಲ್ಲಿ ಹವ್ಯಾಸಿಗಳು ಕಟ್ಟಿಹಾಕಿರುವ ಹಾಯಿದೋಣಿಗಳು ಅದಕ್ಕಿಂತಲೂ ಹೆಚ್ಚು ಕಾಲ ಅಲುಗಾಡದೆ ಇರುವುದುಂಟು. ಈ ಎಲ್ಲ ದೋಣಿಗಳ ಹೊರಮೈಯನ್ನು ಒಡೆಯರು ಎಷ್ಟು ಶ್ರದ್ಧೆಯಿಂದ ನೋಡಿಕೊಳ್ಳುತ್ತಾರೋ ಅದರ ಕಾಲು ಪಾಲಿನಷ್ಟು ಗಮನವೂ ಟ್ಯಾಂಕಿನೊಳಗೆ ಮಳೆಗಾಲವಿಡೀ ನಿಂತ ಡೀಸೆಲಿನ ಮೇಲೆ ಬೀಳುವುದಿಲ್ಲ ಎಂಬುದು ನನ್ನ ಅನುಭವ. ಆ ಕುರಿತು, ಅದರಲ್ಲಿಯೂ ಹಾಯಿದೋಣಿಯ ಸಣ್ಣ ಇಂಜಿನ್ನಿಗೆ ಹಳೆಯ ಡೀಸೆಲ್ ಬಳಸುವ ಕುರಿತು, ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಬಯಸುತ್ತೇನೆ.

ನಾನು ಮೂರು ದಶಕಗಳ ಕಾಲ ವ್ಯಾಪಾರಿ ಹಡಗುಗಳ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿಗೆ ಮರಳಿದ ಮೇಲೆ ಗೆಳೆಯರ ಹಾಯಿದೋಣಿಗಳ ಇಂಜಿನ್ನುಗಳನ್ನು ನೋಡಿಕೊಳ್ಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಭಾರತೀಯ ನೌಕಾಪಡೆಯ ‘ತಾರಿಣಿ’ ಹಾಯಿನೌಕೆಯಲ್ಲಿ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳೂ, 2024–25ರಲ್ಲಿ ಇಬ್ಬರು ಮಹಿಳಾ ಅಧಿಕಾರಿಗಳೂ ಗೋವಾದಿಂದ ಹೊರಟು ಭೂಮಿಯನ್ನು ಸುತ್ತಿ ಬಂದ ಬಳಿಕ ನಮ್ಮ ಕರಾವಳಿಯ ಕೆಲವು ಯುವಕ ಯುವತಿಯರು ಹಾಯಿಯ ಕಡೆ ಒಲವು ತೋರುತ್ತಿರುವುದನ್ನು ಕಂಡು ಸಂತೋಷವಾಗಿದೆ. ಹಳೆಯ ಹಾಯಿದೋಣಿಯೊಂದನ್ನು ಕೊಂಡವರು ನನ್ನಲ್ಲಿ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಟ್ಯಾಂಕಿನಲ್ಲಿ ಒಂದೂವರೆ ವರ್ಷದ ಹಿಂದಿನ ಡೀಸೆಲ್ ಇದೆ, ಅದನ್ನೇ ಬಳಸಬಹುದೇ?” ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ನನಗೆ ಆಗುವುದಿಲ್ಲ. ಉತ್ತರ ಇರುವುದು ಡೀಸೆಲಿನ ವಯಸ್ಸಿಗಿಂತ ಹೆಚ್ಚಾಗಿ ಆ ಟ್ಯಾಂಕಿನ ತಳದಲ್ಲಿ.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದು ಹೆಚ್ಚು. 2020ರ ಜನವರಿಯಲ್ಲಿ ನನ್ನ ಗೆಳೆಯರೊಬ್ಬರು ಮಾಂಡೋವಿಯಲ್ಲಿ ಕಟ್ಟಿದ್ದ ತಮ್ಮ 36 ಅಡಿಯ ಹಾಯಿದೋಣಿಗೆ ಡೀಸೆಲ್ ತುಂಬಿಸಿದ್ದರು. ಮಾರ್ಚಿನಲ್ಲಿ ದೇಶವೇ ಸ್ತಬ್ಧವಾಯಿತು. ದೋಣಿಯ ಬಳಿಗೆ ಹೋಗುವುದಕ್ಕೂ ಆಗಲಿಲ್ಲ, ಆ ವರ್ಷದ ಮಳೆಗಾಲ ಅದರ ಮೇಲೆಯೇ ಸುರಿದು ಹೋಯಿತು. 2021ರ ಫೆಬ್ರುವರಿಯಲ್ಲಿ ಅದನ್ನು ಕಾರವಾರಕ್ಕೆ ತರೋಣ ಎಂದು ನಾವು ಮೂವರು ಹೋದಾಗ 150 ಲೀಟರಿನ ಟ್ಯಾಂಕಿನಲ್ಲಿ ಸುಮಾರು 60 ಲೀಟರ್ ಹಳೆಯ ಡೀಸೆಲ್ ಉಳಿದಿತ್ತು. ಅದರ ಮೇಲೆ ಕ್ಯಾನುಗಳಿಂದ ಅಷ್ಟೇ ಪ್ರಮಾಣದ ಹೊಸ ಡೀಸೆಲ್ ಸುರಿದೆವು. ಹೊಸದು ಬೆರೆತರೆ ಹಳೆಯದರ ದೋಷ ತಗ್ಗುತ್ತದೆ ಎಂದು ಹೇಳಿದವನು ನಾನೇ. ಇಂಜಿನ್ ಮೊದಲ ಯತ್ನಕ್ಕೇ ಹೊತ್ತಿಕೊಂಡಿತು, ಜೆಟ್ಟಿಯಲ್ಲಿ ಇಪ್ಪತ್ತು ನಿಮಿಷ ಏರುಪೇರಿಲ್ಲದೆ ಓಡಿತು, ಹೊಗೆಯೂ ಇರಲಿಲ್ಲ. ಅಷ್ಟಕ್ಕೇ ನಾವು ತೃಪ್ತರಾದೆವು.

ಪಣಜಿಯಿಂದ ಕಾರವಾರಕ್ಕೆ ಕಡಲಿನಲ್ಲಿ ಸುಮಾರು 45 ನಾಟಿಕಲ್ ಮೈಲಿ. ನಸುಕಿನಲ್ಲಿ ನೆಲದ ಕಡೆಯಿಂದ ಬೀಸುವ ತಿಳಿಗಾಳಿಗೆ ಹಾಯಿ ಬಿಚ್ಚಿ, ಗಾಳಿ ಸಾಲದಾದಾಗ ಇಂಜಿನ್ ಹಾಕಿ, ನೀರು ಕೊಳದಂತಿದ್ದ ಹೊತ್ತಿನಲ್ಲಿ ನೆಮ್ಮದಿಯಿಂದ ಸಾಗಿದೆವು. ಮಧ್ಯಾಹ್ನದ ಬಳಿಕ, ಆ ತಿಂಗಳುಗಳಲ್ಲಿ ದಿನವೂ ಆಗುವಂತೆ, ವಾಯವ್ಯದಿಂದ ಕಡಲಗಾಳಿ ಎದ್ದಿತು. ಇಂಜಿನ್ ನಿಲ್ಲಿಸಿ ಹಾಯಿಯ ಬಲದಿಂದಲೇ ಓಡಿದೆವು; ದೋಣಿ ಒಂದು ಮಗ್ಗುಲಿಗೆ ವಾಲಿ, ಅಲೆಯಿಂದ ಅಲೆಗೆ ಕುಕ್ಕುತ್ತ ನಾಲ್ಕು ಗಂಟೆ ಸಾಗಿತು. ಸಂಜೆ ದೇವಗಡ ದ್ವೀಪದ ದೀಪಸ್ತಂಭ ಕಣ್ಣಿಗೆ ಬೀಳುವ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಇಂಜಿನ್ ಹಾಕಿದೆವು. ಹತ್ತು ನಿಮಿಷದಲ್ಲಿ ಅದರ ವೇಗ ಇಳಿಯತೊಡಗಿತು, ಒಮ್ಮೆ ಚೇತರಿಸಿಕೊಂಡಿತು, ಮತ್ತೆ ಇಳಿದು ನಿಂತೇ ಹೋಯಿತು. ಹೊರಗಿನ ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿ ಎರಡು ಬೆರಳು ನೀರು, ಅದರ ಮೇಲೆ ಲೋಳೆಸರದ ತಿರುಳಿನಂತೆ ಜೋತಾಡುವ ಕಪ್ಪು ಲೋಳೆ. ಫಿಲ್ಟರ್ ಬದಲಿಸಿ, ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಏರ್ ತೆಗೆದು, ಅಂದರೆ ಇಂಧನದ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಟ್ಟು, ಮತ್ತೆ ಚಾಲೂ ಮಾಡಿದೆವು. ಹನ್ನೆರಡು ನಿಮಿಷಕ್ಕೆ ಅದೂ ಕಟ್ಟಿಕೊಂಡಿತು. ನಮ್ಮಲ್ಲಿದ್ದ ಇನ್ನೊಂದು ಫಿಲ್ಟರಿನ ಗತಿಯೂ ಅದೇ ಆಯಿತು. ಒಂದು ಕಡೆ ದ್ವೀಪದ ಬಂಡೆ, ದಕ್ಷಿಣಕ್ಕೆ ಪ್ರವೇಶವೇ ಇಲ್ಲದ ನೌಕಾನೆಲೆಯ ನೀರು, ಎದುರಿನಿಂದ ಕಾಳಿ ನದಿಯ ಇಳಿತದ ಸೆಳೆತ. ನಡುವೆ ಗಾಳಿಯೂ ಇಲ್ಲದ, ಇಂಜಿನ್ನೂ ಇಲ್ಲದ ದೋಣಿ. ಲಂಗರು ಹಿಡಿದದ್ದು ನಮ್ಮ ಪುಣ್ಯ. ರಾತ್ರಿಯಿಡೀ ಸರದಿಯ ಮೇಲೆ ಎಚ್ಚರವಿದ್ದು ಕಾದೆವು. ಬೆಳಿಗ್ಗೆ ಬೈತಖೋಲದ ಮೀನುಗಾರರು ತಮ್ಮ ಒಂದು ಹೊತ್ತಿನ ಬಲೆಯನ್ನು ಬಿಟ್ಟು ನಮ್ಮನ್ನು ಎಳೆದು ತಂದರು. ಹಣ ಕೊಡಹೋದರೆ ಡೀಸೆಲ್ ಖರ್ಚಿನಷ್ಟು ಮಾತ್ರ ಮುಟ್ಟಿದರು. ದೋಣಿ ನಡೆಸುವ ಆ ತಾಂಡೇಲರ ಋಣವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ಟ್ಯಾಂಕಿನ ಮುಚ್ಚಳ ಬಿಚ್ಚಿದಾಗ ತಳದಿಂದ ನಾಲ್ಕು ಲೀಟರಿನಷ್ಟು ನೀರು ಮತ್ತು ಗಸಿ ಹೊರಬಂದವು. ಡೆಕ್ಕಿನ ಮಟ್ಟದಲ್ಲಿಯೇ ಇದ್ದ ಡೀಸೆಲ್ ತುಂಬುವ ಬಾಯಿಯ ಮುಚ್ಚಳದ ರಬ್ಬರ್ ಉಂಗುರ ಬಿಸಿಲಿಗೆ ಸೀಳಿತ್ತು. ಮಳೆಗಾಲದಲ್ಲಿ ಮುಚ್ಚಳದ ಸುತ್ತ ನಿಂತ ನೀರು ಹನಿ ಹನಿಯಾಗಿ ಒಳಗಿಳಿದಿತ್ತು. ಇಂಜಿನ್ನಿನೊಳಗೆ ಡೀಸೆಲನ್ನು ಸಿಂಪಡಿಸುವ ನಾಝಲುಗಳನ್ನು ಬಿಚ್ಚಿ ತೊಳೆಸಬೇಕಾಯಿತು, ಒಂದನ್ನು ಬದಲಿಸಬೇಕಾಯಿತು. ಹಡಗಿನಲ್ಲಿದ್ದಾಗ ಪ್ರತಿ ಪಾಳಿಯಲ್ಲಿಯೂ ಇಂಧನ ತಿಳಿಯಾಗಲೆಂದು ನಿಲ್ಲಿಸುವ ಸೆಟ್ಲಿಂಗ್ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ನೀರು ಹೊರಬಿಡುವುದು, ಇಂಧನವನ್ನು ಪ್ಯೂರಿಫೈಯರ್ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ನೀರನ್ನೂ ಕೊಳೆಯನ್ನೂ ಬೇರ್ಪಡಿಸಿದ ಮೇಲಷ್ಟೇ ಇಂಜಿನ್ನಿಗೆ ಕೊಡುವುದು ನನಗೆ ಉಸಿರಾಟದಷ್ಟು ರೂಢಿಯಾಗಿತ್ತು. ಸಣ್ಣ ದೋಣಿಯಲ್ಲಿ ಈ ಏರ್ಪಾಡೆಲ್ಲವೂ ಅಂಗೈಯಗಲದ ಒಂದು ಗಾಜಿನ ಬಟ್ಟಲಿಗೆ ಇಳಿದಿರುತ್ತದೆ. ದೋಣಿ ಸಣ್ಣದೆಂದು ಎಚ್ಚರವನ್ನೂ ಸಣ್ಣದು ಮಾಡಿಕೊಂಡದ್ದು ನನ್ನ ತಪ್ಪು.

ಜೆಟ್ಟಿಯಲ್ಲಿ ಚೆನ್ನಾಗಿ ಓಡಿದ ಇಂಜಿನ್ ಕಡಲಿನಲ್ಲಿ ಏಕೆ ನಿಂತಿತು ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಡೀಸೆಲ್ ನೀರಿಗಿಂತ ಹಗುರ; ಆದ್ದರಿಂದ ಟ್ಯಾಂಕಿಗೆ ಸೇರಿದ ನೀರು ತಳ ಸೇರುತ್ತದೆ. ಇಂಧನ ಹೀರುವ ಕೊಳವೆಯ ತುದಿಯನ್ನು ತಳದಿಂದ ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ದೋಣಿ ನಿಶ್ಚಲವಾಗಿದ್ದಾಗ ಆ ಕೊಳವೆ ಮೇಲಿನ ತಿಳಿಯನ್ನಷ್ಟೇ ಹೀರುತ್ತದೆ, ಕೆಳಗಿನ ಗಸಿ ಹಾಗೆಯೇ ಮಲಗಿರುತ್ತದೆ. ಅಲೆಯ ಮೇಲೆ ದೋಣಿ ಹೊಯ್ದಾಡಿದಾಗ ಟ್ಯಾಂಕು ಮಜ್ಜಿಗೆ ಕಡೆದ ಗಡಿಗೆಯಂತಾಗಿ ತಳದ್ದೆಲ್ಲ ಮೇಲೇಳುತ್ತದೆ. ಲಾರಿಯ ಟ್ಯಾಂಕು ದಿನವೂ ಕುಲುಕಾಡುತ್ತದೆ, ಅದರ ಡೀಸೆಲ್ ವಾರದೊಳಗೆ ಖಾಲಿಯಾಗುತ್ತದೆ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಒಂದು ಪ್ರಯಾಣದಲ್ಲಿಯೇ ಸಾವಿರಾರು ಲೀಟರ್ ಉರಿಸುತ್ತದೆ. ಹಾಯಿದೋಣಿಯ ಇಂಜಿನ್ನಾದರೋ ಗಂಟೆಗೆ ಎರಡು ಮೂರು ಲೀಟರ್ ಕುಡಿಯುವಂಥದ್ದು, ವರ್ಷದಲ್ಲಿ ಓಡುವುದು ಐವತ್ತೋ ನೂರೋ ಗಂಟೆ. ಗಾಳಿಯಿಂದ ಸಾಗುವುದೇ ಅದರ ಧರ್ಮವಾದ್ದರಿಂದ ಟ್ಯಾಂಕಿನ ಡೀಸೆಲ್ ಖರ್ಚಾಗದೆ ಹಳತಾಗುತ್ತಲೇ ಇರುತ್ತದೆ. ಆ ಇಂಜಿನ್ ಬೇಕಾಗುವುದೋ, ಅಳಿವೆ ದಾಟುವಾಗ, ಬಂಡೆಯ ಬಳಿ ಗಾಳಿ ಬಿದ್ದಾಗ, ಕಿಕ್ಕಿರಿದ ಬಂದರಿನೊಳಗೆ ನುಗ್ಗುವಾಗ. ನಮ್ಮ ಕರಾವಳಿಯ ನದಿಬಾಯಿಗಳಲ್ಲಿ ಹೂಳು ತುಂಬಿ ದೋಣಿಗಳು ಮಗುಚಿದ ಸುದ್ದಿಯನ್ನು ತಮ್ಮ ಪತ್ರಿಕೆಯೇ ಎಷ್ಟೋ ಸಲ ಪ್ರಕಟಿಸಿದೆ. ಅಂತಹ ಅಳಿವೆಯ ಒಡೆಯುವ ಅಲೆಗಳ ನಡುವೆ ಇಂಜಿನ್ ಎರಡು ನಿಮಿಷ ನಿಂತರೂ ಸಾಕು, ದೋಣಿ ಅಡ್ಡ ತಿರುಗುತ್ತದೆ.

ಡೀಸೆಲ್ ಹಳತಾಗುವುದೆಂದರೆ ಏನು? ಅದರ ಉರಿಯುವ ಶಕ್ತಿ ಒಂದೆರಡು ವರ್ಷಗಳಲ್ಲಿ ಹೇಳಿಕೊಳ್ಳುವಷ್ಟು ಕುಂದುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಅದು ನಿಧಾನವಾಗಿ ವರ್ತಿಸಿ ಅಂಟು, ಗಸಿ ಮತ್ತು ಆಮ್ಲಗಳನ್ನು ಉಂಟುಮಾಡುತ್ತದೆ. ಬಿಸಿಲಿನ ಕಾವು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ತಾಮ್ರ, ಹಿತ್ತಾಳೆ, ಸತುವಿನ ಸಂಪರ್ಕವಂತೂ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸತುವಿನ ಲೇಪವಿರುವ ಡ್ರಮ್ಮಿನಲ್ಲಿ ಡೀಸೆಲ್ ಇಡಬಾರದೆನ್ನುವುದು ಇದೇ ಕಾರಣಕ್ಕೆ. ಆದರೂ, ನೀರು ಸೇರದಂತೆ ನೆರಳಿನಲ್ಲಿ, ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿಟ್ಟ ಡೀಸೆಲ್ ಒಂದು ವರ್ಷದ ಬಳಿಕವೂ ಬಳಸುವಂತಿರುವುದನ್ನು ನಾನು ಕಂಡಿದ್ದೇನೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ಆರು ತಿಂಗಳಿಗೇ ಕೆಟ್ಟುಹೋಗಿದ್ದನ್ನೂ ಕಂಡಿದ್ದೇನೆ. ವ್ಯತ್ಯಾಸ ಮಾಡುವುದು ನೀರು.

ನೀರಿದ್ದಲ್ಲಿ ಜೀವ ಹುಟ್ಟುತ್ತದೆ. ಡೀಸೆಲ್ ಮತ್ತು ನೀರು ಒಂದಕ್ಕೊಂದು ತಾಗುವ ತೆಳ್ಳನೆಯ ಪದರದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟು ಬೆಳೆಯುತ್ತವೆ. ಅವು ನೀರಿನಲ್ಲಿ ಬದುಕುತ್ತ ಡೀಸೆಲನ್ನೇ ಆಹಾರ ಮಾಡಿಕೊಳ್ಳುತ್ತವೆ. ಹಾರ್ಮೊಕೊನಿಸ್ ರೆಸಿನೇ ಎಂಬ ಬೂಷ್ಟು ಇವುಗಳಲ್ಲಿ ಪ್ರಸಿದ್ಧವಾದದ್ದು. ಜೆಟ್ ವಿಮಾನಗಳ ಸೀಮೆಎಣ್ಣೆಯಂತಹ ಇಂಧನದಲ್ಲಿಯೂ ಅದು ಬೆಳೆದು ತೊಂದರೆ ಕೊಟ್ಟಿದೆ. ನಾವು ಕಂಡ ಕಪ್ಪು ಲೋಳೆ ಈ ಜೀವಿಗಳ ಸತ್ತ ಮತ್ತು ಬದುಕಿರುವ ದೇಹಗಳ ರಾಶಿಯೇ. ಫಿಲ್ಟರನ್ನು ಕಟ್ಟಿಸುವುದಲ್ಲದೆ ಅವು ಬಿಡುವ ಆಮ್ಲಗಳು ಟ್ಯಾಂಕಿನ ಲೋಹವನ್ನು ಒಳಗಿನಿಂದ ಕೊರೆಯುತ್ತವೆ. ಇದಕ್ಕೆ ಬಕೆಟ್ಟುಗಟ್ಟಲೆ ನೀರು ಬೇಕಿಲ್ಲ. ಚಮಚದಷ್ಟು ನೀರು, ನಮ್ಮ ಮಳೆಗಾಲದ ಬೆಚ್ಚನೆಯ ಹವೆ, ಅಲುಗಾಡದ ಟ್ಯಾಂಕು ಇಷ್ಟಿದ್ದರೆ ಸಾಕು.

“ಮೊದಲು ಡೀಸೆಲ್ ಹೀಗೆ ಕೆಡುತ್ತಿರಲಿಲ್ಲ” ಎಂದು ಹಿರಿಯ ಮೆಕ್ಯಾನಿಕ್ಕುಗಳು ಹೇಳುವುದನ್ನು ಕೇಳಿದ್ದೇನೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 (ವಾಹನಗಳ ಹೊಗೆಯ ಮಾಲಿನ್ಯ ತಗ್ಗಿಸುವ ಮಾನದಂಡ) ಇಂಧನ ಬಂದು, ಡೀಸೆಲಿನಲ್ಲಿ ಗಂಧಕದ ಗರಿಷ್ಠ ಪ್ರಮಾಣ ಕಿಲೋವೊಂದಕ್ಕೆ 50 ಮಿಲಿಗ್ರಾಂನಿಂದ 10 ಮಿಲಿಗ್ರಾಂಗೆ ಇಳಿಯಿತು. ನಾವು ಉಸಿರಾಡುವ ಗಾಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿಗೆ ಸಹಜವಾಗಿದ್ದ ಜಾರುಗುಣವನ್ನು ಕೊಡುವ ಅಂಶಗಳೂ ಕಳೆದುಹೋಗುತ್ತವೆ. ರಿಫೈನರಿಗಳು ಅದನ್ನು ಬೇರೆ ದ್ರವ್ಯ ಬೆರೆಸಿ ತುಂಬಿಕೊಡುತ್ತವೆ. ಜೈವಿಕ ಡೀಸೆಲ್ ಬೆರೆತಿದ್ದರೆ ಅದು ಸಾದಾ ಡೀಸೆಲಿಗಿಂತ ಹೆಚ್ಚು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೂ ಅದು ಸುಲಭದ ತುತ್ತು. ಹಾಗೆಂದು ಕೆಟ್ಟದ್ದಕ್ಕೆಲ್ಲ ಹೊಸ ಡೀಸೆಲನ್ನೇ ದೂರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ದೋಣಿಯಲ್ಲಿ ಲೋಳೆ ಕಟ್ಟಿದ್ದು 2020ರ ಜನವರಿಯಲ್ಲಿ ತುಂಬಿದ ಹಳೆಯ ಮಾದರಿಯ ಡೀಸೆಲಿನಲ್ಲಿಯೇ.

ಹಳೆಯ ಡೀಸೆಲನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಟ್ಯಾಂಕಿನ ಅತ್ಯಂತ ತಗ್ಗಿನ ಮೂಲೆಗೆ ಪ್ಲಾಸ್ಟಿಕ್ ಕೊಳವೆಯನ್ನು ಇಳಿಸಿ, ಕೈಪಂಪಿನಿಂದ ಒಂದು ಲೀಟರನ್ನು ಮೇಲೆತ್ತಿ, ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಒಂದು ಹಗಲು ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ತಳದಿಂದಲೇ ತೆಗೆಯಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಮೇಲಿನಿಂದ ತೆಗೆದದ್ದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಮರುದಿನ ಬಾಟಲಿಯ ಹಿಂದೆ ಈ ಪತ್ರಿಕೆಯ ಹಾಳೆಯನ್ನು ಹಿಡಿದರೆ ಅಕ್ಷರಗಳು ಸ್ಪಷ್ಟವಾಗಿ ಕಾಣಬೇಕು. ಮಬ್ಬಾಗಿ ಕಂಡರೆ ಬೆರೆತ ನೀರು ಇನ್ನೂ ಬೇರ್ಪಟ್ಟಿಲ್ಲವೆಂದು ಅರ್ಥ. ತಳದಲ್ಲಿ ನೀರಿನ ಗೆರೆಯೋ, ಗೆರೆಯ ಮೇಲೆ ಕಂದು ನೂಲಿನಂತಹ ಪದರವೋ ಇದ್ದರೆ ಸಂದೇಹಕ್ಕೆ ಎಡೆಯೇ ಇಲ್ಲ. ಬಣ್ಣ ಕಡು ಕಂದಾಗಿ, ವಾಸನೆ ವಾರ್ನಿಷಿನಂತೆಯೋ ಹುಳಿಯಾಗಿಯೋ ತಿರುಗಿದ್ದರೆ ಡೀಸೆಲೇ ಕೆಟ್ಟಿದೆ. ಅಳತೆ ಕೋಲಿನ ತುದಿಗೆ ಹಚ್ಚಿ ಇಳಿಸಿದರೆ ನೀರು ತಾಗಿದಷ್ಟು ಭಾಗ ಬಣ್ಣ ಬದಲಿಸುವ ಪೇಸ್ಟನ್ನು ಪೆಟ್ರೋಲ್ ಬಂಕಿನವರು ತಮ್ಮ ನೆಲದಡಿಯ ಟ್ಯಾಂಕುಗಳಿಗೆ ಬಳಸುತ್ತಾರೆ. ಅದೊಂದು ಸಣ್ಣ ಟ್ಯೂಬು ಪ್ರತಿ ದೋಣಿಯಲ್ಲಿಯೂ ಇದ್ದರೆ ಒಳ್ಳೆಯದು.

ಬಾಟಲಿ ತಿಳಿಯಾಗಿದ್ದರೆ ಹಳೆಯ ಡೀಸೆಲನ್ನು ಧಾರಾಳವಾಗಿ ಬಳಸಬಹುದು. ಅದಕ್ಕೆ ಸಮನಾಗಿಯೋ ಹೆಚ್ಚಾಗಿಯೋ ಹೊಸದನ್ನು ಬೆರೆಸಿ, ಮೊದಲ ಕೆಲವು ಪ್ರಯಾಣಗಳಲ್ಲಿಯೇ ಖರ್ಚು ಮಾಡಿಬಿಡಬೇಕು. ನೀರು ಮಾತ್ರ ಕಂಡು, ಲೋಳೆ ಇಲ್ಲದಿದ್ದರೆ ತಳದ ನೀರನ್ನು ಪೂರ್ತಿ ಹೊರತೆಗೆದು, ಉಳಿದದ್ದನ್ನು ನೀರು ತಡೆಯುವ ಜಾಲರಿಯಿರುವ ಫನಲ್ಲಿನ ಮೂಲಕ ಸೋಸಿ ಬಳಸಬಹುದು. ಲೋಳೆ ಕಂಡಾಗ ಹಲವರು ಕೂಡಲೇ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕ ತಂದು ಸುರಿಯುತ್ತಾರೆ. ಅದು ಕೊಲ್ಲುವುದು ನಿಜ. ಆದರೆ ಸತ್ತವು ಎಲ್ಲಿಗೂ ಹೋಗುವುದಿಲ್ಲ, ಪದರ ಪದರವಾಗಿ ಕಳಚಿಕೊಂಡು ಬಂದು ಫಿಲ್ಟರಿಗೆ ಅಡರಿಕೊಳ್ಳುತ್ತವೆ. ಆದ್ದರಿಂದ ಮೊದಲು ಟ್ಯಾಂಕು ಬರಿದಾಗಬೇಕು, ಒಳಗೋಡೆಗಳನ್ನು ಒರೆಸಬೇಕು, ಆಮೇಲೆ ಮದ್ದು. ಕೈಗವಸಿಲ್ಲದೆ ಆ ರಾಸಾಯನಿಕವನ್ನು ಮುಟ್ಟಬಾರದು, ಡಬ್ಬದ ಮೇಲೆ ಬರೆದ ಪ್ರಮಾಣವನ್ನು ಮೀರಬಾರದು. ಹಳೆಯ ಡೀಸೆಲಿಗೆ “ಚುರುಕು ಬರಲಿ” ಎಂದು ಪೆಟ್ರೋಲ್ ಬೆರೆಸುವವರನ್ನೂ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ವ್ಯಾಪಾರಿ ಹಡಗುಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಇರುವ ಇಂಧನವನ್ನು ಇಂಜಿನ್ ಕೋಣೆಯ ಹತ್ತಿರಕ್ಕೂ ಸಾಮಾನ್ಯವಾಗಿ ಬಿಡುವುದಿಲ್ಲ. ಡೀಸೆಲಿಗೆ ಸ್ವಲ್ಪವೇ ಪೆಟ್ರೋಲ್ ಬೆರೆತರೂ ಅದರ ಆವಿ ಕೋಣೆಯ ಉಷ್ಣತೆಯಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಂತಾಗುತ್ತದೆ; ದೋಣಿಯ ಕೆಳಹೊಟ್ಟೆಯಲ್ಲಿ ಸೇರಿಕೊಂಡ ಆ ಆವಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಲೋಳೆಯಿದ್ದ ಡೀಸೆಲನ್ನು 10 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಬಳಿಕ 2 ಮೈಕ್ರಾನಿನ ಫಿಲ್ಟರುಗಳಲ್ಲಿ ಹಲವು ಸಲ ಹಾಯಿಸಿದರೆ ಮೇಲ್ನೋಟಕ್ಕೆ ತಿಳಿಯಾಗುತ್ತದೆ. ಹಾಗೆ ಮಾಡಿ ದೋಣಿಗೇ ಬಳಸುವವರಿದ್ದಾರೆ, ಅವರಲ್ಲಿ ನನಗಿಂತ ಅನುಭವಿಗಳೂ ಇದ್ದಾರೆ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ನಾಝಲಿನ ಸೂಜಿಗೂ ಅದರ ಕವಚಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪವೇ 70 ಮೈಕ್ರಾನಿನ ಆಸುಪಾಸು. ಅಲ್ಲಿಗೆ ತಲುಪಿದ ನೀರಿನ ಹನಿ ಬಿಸಿಗೆ ಒಮ್ಮೆಲೇ ಆವಿಯಾಗಿ ನಾಝಲಿನ ತುದಿಯನ್ನೇ ಹಾರಿಸಬಲ್ಲದು. ಐವತ್ತು ಲೀಟರ್ ಡೀಸೆಲಿನ ಬೆಲೆ ಈಗ ಐದು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಅದನ್ನು ಉಳಿಸಲು ಇಂಜಿನ್ನಿನ ಪಂಪು, ನಾಝಲು ಮತ್ತು ದೋಣಿಯಲ್ಲಿರುವವರ ಜೀವ ಇವುಗಳನ್ನು ಅಪಾಯಕ್ಕೆ ಒಡ್ಡುವುದು ನನಗೆ ಸರಿಕಾಣುವುದಿಲ್ಲ. ಚೆನ್ನಾಗಿ ಸೋಸಿದ ಬಳಿಕ ಅದನ್ನು ನೆಲದ ಮೇಲಿನ ಯಾವುದಾದರೂ ಹಳೆಯ ಪಂಪ್‌ಸೆಟ್ಟಿಗೆ ಕೊಡಬಹುದು. ಅಲ್ಲಿ ಇಂಜಿನ್ ನಿಂತರೆ ತೋಟದ ನೀರು ಅರ್ಧ ದಿನ ತಡವಾಗುತ್ತದೆ, ಅಷ್ಟೇ.

ಮುಂದಿನ ಮಳೆಗಾಲಕ್ಕೆ ಮೊದಲು ಟ್ಯಾಂಕನ್ನು ತುಂಬಿಡಬೇಕೋ ಖಾಲಿ ಮಾಡಬೇಕೋ ಎಂಬ ಚರ್ಚೆ ಹಳೆಯದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದೆ ಒಳಗೋಡೆಯಲ್ಲಿ ಹನಿಗಟ್ಟುವ ನೀರು ಕಡಿಮೆ ಎಂಬುದು ತುಂಬಿಸುವವರ ವಾದ, ಅದರಲ್ಲಿ ಸತ್ಯವಿದೆ. ಆದರೆ ನಾನು ಬಿಚ್ಚಿ ನೋಡಿದ ಟ್ಯಾಂಕುಗಳಲ್ಲಿ ನೀರು ಬಂದದ್ದು ಹೆಚ್ಚಾಗಿ ಡೆಕ್ಕಿನ ಮುಚ್ಚಳದಿಂದ, ಇಲ್ಲವೇ ಗಾಳಿ ಕೊಳವೆಯ ಬಾಯಿಯಿಂದ. ಆ ದಾರಿ ತೆರೆದಿದ್ದರೆ ತುಂಬಿದ ಟ್ಯಾಂಕಿಗೂ ನೀರು ಇಳಿದೇ ಇಳಿಯುತ್ತದೆ, ಆಗ ಕೆಡುವುದು 60 ಲೀಟರಿನ ಬದಲು 150 ಲೀಟರ್. ಹಾಯಿದೋಣಿಯ ಟ್ಯಾಂಕು ಸಣ್ಣದಾದ್ದರಿಂದ ಮೇ ತಿಂಗಳಲ್ಲಿ ಪೂರ್ತಿ ಬರಿದು ಮಾಡಿ, ಒಣಬಟ್ಟೆಯಿಂದ ಒರೆಸಿ, ಮುಚ್ಚಳದ ರಬ್ಬರ್ ಉಂಗುರ ಬದಲಿಸಿ, ಅದರ ಮೇಲೆ ಟಾರ್ಪಾಲಿನ ತುಂಡನ್ನು ಬಿಗಿಯುವುದೇ ಲೇಸು ಎಂಬ ಕಡೆಗೆ ನನ್ನ ಒಲವು. ಸಾವಿರಾರು ಲೀಟರಿನ ಟ್ಯಾಂಕಿರುವ ಟ್ರಾಲ್ ಬೋಟಿಗೂ ಮಂಜಿಗೂ ಇದು ಆಗದ ಮಾತು. ಅವರು ಕನಿಷ್ಠ ತಳದ ನಲ್ಲಿಯಿಂದ ನೀರು ತೆಗೆದು, ಸಾಧ್ಯವಾದಷ್ಟು ತುಂಬಿಸಿಡಲಿ. ಅರ್ಧಕ್ಕೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹಾಯಿದೋಣಿಯಲ್ಲಿ ಹೋಗುವವರು ಬಿಡಿ ಫಿಲ್ಟರುಗಳನ್ನು ಎರಡರ ಬದಲು ಆರು ಇಟ್ಟುಕೊಳ್ಳಲಿ, ಏರ್ ತೆಗೆಯುವುದನ್ನು ದೋಣಿಯಲ್ಲಿರುವ ಪ್ರತಿಯೊಬ್ಬರೂ ಕಲಿಯಲಿ. ಮುಚ್ಚಿದ ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ಹೊಸ ಡೀಸೆಲ್ ಪ್ರತ್ಯೇಕವಾಗಿರಲಿ. ಕೊಳವೆಯನ್ನು ನೇರವಾಗಿ ಅದಕ್ಕೆ ಇಳಿಸಿ ಇಂಜಿನ್ ನಡೆಸುವ ಏರ್ಪಾಡು ಇದ್ದಿದ್ದರೆ ನಾವು ಅಂದು ರಾತ್ರಿ ಕಡಲಿನಲ್ಲಿ ಕಳೆಯಬೇಕಾಗುತ್ತಿರಲಿಲ್ಲ.

ಕೊನೆಗೆ ಇನ್ನೊಂದು ವಿಷಯ. ಟ್ಯಾಂಕಿನಿಂದ ತೆಗೆದ ಗಸಿ ಎಲ್ಲಿಗೆ ಹೋಗುತ್ತದೆ? ನಾನು ಕಂಡ ಮಟ್ಟಿಗೆ ಹೆಚ್ಚಿನದು ನದಿಗೇ ಹೋಗುತ್ತದೆ. ಬಕೆಟ್ಟಿನಲ್ಲಿ ತೆಗೆದು ದಕ್ಕೆಯ ಅಂಚಿನಿಂದ ಸುರಿಯುತ್ತಾರೆ, ಇಲ್ಲವೇ ದೋಣಿಯ ಒಡಲಿಗೆ ಬಿಟ್ಟು ಪಂಪಿನಿಂದ ಹೊರಹಾಕುತ್ತಾರೆ. ಅದೇ ಅಳಿವೆಯ ಕೆಸರಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮಕ್ಕಳು ಮರುವಾಯಿ, ಚಿಪ್ಪಿಕಲ್ಲು ಹೆಕ್ಕುತ್ತಿರುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ತೈಲವನ್ನು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ಆದರೆ ಐದು ಲೀಟರ್ ಗಸಿಯನ್ನು ಹಿಡಿದು ನಿಂತ ದೋಣಿಯವನು ಅವರನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ನಾವು ಕಾರವಾರದಲ್ಲಿ ತೆಗೆದ ಗಸಿಯನ್ನು ಕ್ಯಾನಿನಲ್ಲಿ ತುಂಬಿ, ಕಾರಿನಲ್ಲಿ ಹಾಕಿಕೊಂಡು, ವಾರಗಟ್ಟಲೆ ಮನೆಯ ಕೊಟ್ಟಿಗೆಯಲ್ಲಿಟ್ಟುಕೊಂಡು, ಕೊನೆಗೆ ಪರಿಚಯದ ವರ್ಕ್‌ಶಾಪೊಂದರ ಹಳೆ ಆಯಿಲಿನ ಡ್ರಮ್ಮಿಗೆ ಸೇರಿಸಬೇಕಾಯಿತು. ದಿನದ ದುಡಿಮೆ ಬಿಟ್ಟು ಎಲ್ಲರೂ ಹೀಗೆ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮೀನುಗಾರಿಕೆ ಇಲಾಖೆ ಮತ್ತು ಬಂದರು ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಮೀನುಗಾರಿಕೆ ಬಂದರಿನಲ್ಲಿಯೂ ನಿಷೇಧದ ಎರಡು ತಿಂಗಳು, ಮಂಜಿಗಳಿರುವ ಮಂಗಳೂರಿನ ಹಳೆ ಬಂದರಿನಲ್ಲಿ ಸೆಪ್ಟೆಂಬರಿನವರೆಗೆ, ಮುಚ್ಚಳವಿರುವ ತ್ಯಾಜ್ಯ ತೈಲದ ಡ್ರಮ್ಮುಗಳನ್ನು ಇರಿಸಿ, ಅವುಗಳನ್ನು ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಕರರಹಿತ ಡೀಸೆಲ್ ವಿತರಿಸುವ ಬಂದರಿನ ಬಂಕುಗಳಲ್ಲಿ ನೀರು ಪತ್ತೆ ಮಾಡುವ ಪೇಸ್ಟು ಮತ್ತು ಗಾಜಿನ ಬಾಟಲಿ ದೋಣಿಯವರ ಕೈಗೆ ಸಿಗುವಂತಿರಬೇಕು. ಲೈಫ್ ಜಾಕೆಟ್ ಇದೆಯೇ, ಪರವಾನಗಿ ಇದೆಯೇ ಎಂದು ನೋಡುವ ತಪಾಸಣೆಯ ಜೊತೆಗೆ ಟ್ಯಾಂಕಿನ ತಳದಿಂದ ತೆಗೆದ ಒಂದು ಬಾಟಲಿ ಡೀಸೆಲನ್ನೂ ಬೆಳಕಿಗೆ ಹಿಡಿದು ನೋಡುವ ಪದ್ಧತಿ ಬರಬೇಕು. ಆಗಸ್ಟ್ 1ಕ್ಕೆ ಇನ್ನು ಕೆಲವೇ ದಿನಗಳು ಉಳಿದಿರುವುದರಿಂದ ಡ್ರಮ್ಮುಗಳ ವ್ಯವಸ್ಥೆಯನ್ನಾದರೂ ಈ ವಾರವೇ ಮಾಡುವಂತೆ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಡಗು ಇಂಜಿನಿಯರ್,
ಕುಂದಾಪುರ ತಾಲ್ಲೂಕು